ಹೊಗೆಯ ಮೇಲೆ ಹೊರಿಸಿದ ತಪ್ಪು

ಚಂದನ ವೇಲಿನಿಂದ ಮೂಗು ಮುಚ್ಚಿಕೊಂಡಳು. ಪಕ್ಕದಲ್ಲಿ ಆಗಷ್ಟೇ ಬಂದು ಕೂತವನಿಗೆ ಅದು ಸರಿಯಾಗಿ ನಾಟಿತು.

ಮಂಡ್ಯದಿಂದ ಮಳವಳ್ಳಿಗೆ ಹೋಗುವ ಬೆಳಗಿನ ಬಸ್ಸು. ಗುತ್ತಲು ಬಡಾವಣೆಯ ಮನೆಯಿಂದ ಹೊರಟಾಗಿನಿಂದ ಅವಳಿಗೆ ಆಕಳಿಕೆಯ ಮೇಲೆ ಆಕಳಿಕೆ. ಮಕ್ಕಳಿಗೆ ಪಾಠ ಹೇಳಬೇಕಾದ ಟೀಚರೇ ಹೀಗೆ ತೂಕಡಿಸಿದರೆ ಹೇಗೆ ಎಂದು ಸ್ಟ್ಯಾಂಡಿನಲ್ಲಿ ಎರಡು ಕೊಬ್ಬರಿ ಮಿಠಾಯಿ ಕೊಂಡು ತಿಂದಿದ್ದಳು. ಅಷ್ಟರಲ್ಲಿ ಈ ಮನುಷ್ಯ ದಾರಿಯಲ್ಲಿ ಹತ್ತಿದ. ಅಂಗಿಯ ತುಂಬ ಹೊಗೆ, ಕಾದ ಬೆಲ್ಲದ ವಾಸನೆ.

"ಯಾಕ್ ಮೇಡಂ, ನಾನೇನ್ ಗೊಬ್ಬರ ಒತ್ಕಂಡ್ ಬಂದಿವ್ನಾ? ಬೆಲ್ಲ ಕಣ್ರೀ ಇದು. ಮಂಡ್ಯದಾಗ್ ಉಟ್ಟಿ ಬೆಲ್ಲಕ್ಕೆ ಮೂಗ್ ಮುಚ್ಕಳೋರ್ನ ಇವತ್ತೇ ನೋಡಿದ್ದು."

"ನಂಗೆ ತಲೆನೋವು ಬರುತ್ತೆ, ಅದಕ್ಕೆ."

"ನನ್ ನೋಡಿದ್ರೇನಾ?"

"ಇಲ್ಲ. ನಿಮ್ ಮಾತು ಕೇಳಿದ್ರೆ."

ಅವನು ಬಸ್ಸಿಗೆಲ್ಲ ಕೇಳುವಂತೆ ನಕ್ಕ. ಒಲೆಯ ಉರಿಗೆ ಎಡಗಡೆ ಹುಬ್ಬಿನ ತುದಿ ಸುಟ್ಟು ಬೋಳಾಗಿತ್ತು. ಚಂದನ ಅದನ್ನು ನೋಡಿದಳು, ಕಿಟಕಿಯಾಚೆ ನೋಡಿದಳು, ಮತ್ತೆ ಅದನ್ನೇ ನೋಡಿದಳು. ಎರಡನೆಯ ಸಲ ಸಿಕ್ಕಿಬಿದ್ದಳು.

ಅವನ ಹೆಸರು ಚಲುವರಾಜು. ರಸ್ತೆ ಬದಿಯ ಆಲೆಮನೆ ಅವನ ಅಪ್ಪ ಕಟ್ಟಿದ್ದು. ಅಪ್ಪ ಹೋದ ಮೇಲೆ ಗಾಣವೂ ಇವನದೇ, ಕೊಪ್ಪರಿಗೆಯೂ ಇವನದೇ.

ಆಲೆಮನೆಗೆ ಬಂದವರನ್ನು ಬಾಯಿ ಸಿಹಿ ಮಾಡದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಬಸ್ಸಿನ ಪರಿಚಯ ಸಲಿಗೆಗೆ ತಿರುಗಿ ಚಂದನ ಮೊದಲ ಸಲ ಅಲ್ಲಿಗೆ ಬಂದ ದಿನ ಚಲುವರಾಜು ಕಬ್ಬಿನ ತುಂಡೊಂದನ್ನು ಸೀಳಿ, ಬಿಸಿ ಬೆಲ್ಲದಲ್ಲಿ ಅದ್ದಿ, ಊದಿ ಊದಿ ಅವಳ ಮುಂದೆ ಹಿಡಿದ.

"ತಡಿ, ನಾಲ್ಗೆ ಸುಟ್ಕಂಡೀಯ."

"ಸುಟ್ರೆ ಸುಡ್ಲಿ."

"ಆಮೇಲೆ ನನ್ ಬೈಯೋಕೆ ನಾಲ್ಗೆ ಬ್ಯಾಡ್ವಾ?"

ಅವನು ಊದುವಾಗ ತುಟಿ ಮುಂದೆ ಬರುತ್ತಿತ್ತು. ಅವಳು ಬೆಲ್ಲವನ್ನು ನೋಡುವ ಹಾಗೆ ಅದನ್ನೇ ನೋಡುತ್ತಿದ್ದಳು. ಅವನಿಗೂ ಗೊತ್ತಿತ್ತು, ಅದಕ್ಕೇ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಊದುತ್ತಿದ್ದ.

ಆದರೆ ಆ ದಿನವೇ ಸಂಜೆ ಅವಳ ಅರ್ಧ ತಲೆ ಸಿಡಿಯತೊಡಗಿತು. ಗುತ್ತಲಿನ ಮನೆಯಲ್ಲಿ ಇದು ಹೊಸದಲ್ಲ. ಚಂದನಳ ಕೋಣೆಯ ಬಾಗಿಲು ಹಾಕಿದರೆ ತಲೆನೋವು ಎಂದರ್ಥ. ಅಮ್ಮ ಕಿಟಕಿ ಮುಚ್ಚುತ್ತಾಳೆ, ಒಗ್ಗರಣೆ ಹಾಕುವುದಿಲ್ಲ, ಟಿವಿ ಸದ್ದು ಮಾಡುವುದಿಲ್ಲ. ಹೊಸದೆಂದರೆ ಇಷ್ಟೇ. ಆಲೆಮನೆಗೆ ಹೋದಾಗಲೆಲ್ಲ ಹೀಗೇ ಆಗತೊಡಗಿತು. ಒಮ್ಮೆ ಅಲ್ಲೇ ಕಬ್ಬಿನ ಸಿಪ್ಪೆಯ ರಾಶಿಯ ಹಿಂದೆ ವಾಂತಿ ಮಾಡಿಕೊಂಡಳು. ಚಲುವರಾಜು ಅವಳ ಹಣೆ ಹಿಡಿದುಕೊಂಡು ನಿಂತಿದ್ದ.

"ಈ ಹೊಗೆ ನಂಗಾಗಲ್ಲ ಚಲುವ. ಮದ್ವೆ ಆಗಿ ದಿನಾ ಇದ್ರಲ್ಲೇ ಹೆಂಗಿರ್ಲಿ ಹೇಳು?"

ಮುಂದಿನ ತಿಂಗಳು ಅವನು ಆಲೆಮನೆಗೆ ಬೀಗ ಹಾಕಿದ. ಕೊಪ್ಪರಿಗೆಯನ್ನು ಗುಜರಿಗೆ ಕೊಟ್ಟು ಗೆಜ್ಜಲಗೆರೆಯ ಫ್ಯಾಕ್ಟರಿಯೊಂದಕ್ಕೆ ಕೆಲಸಕ್ಕೆ ಸೇರಿಕೊಂಡ. ಅವನ ತಾಯಿ ಮರಿತಾಯಮ್ಮ ಅತ್ತಳು, ಬೈದಳು, ಕೊನೆಗೆ ಮಾತು ಬಿಟ್ಟಳು. ಚಂದನಳಿಗೆ ಎದೆ ತುಂಬಿ ಬಂತು. ತನಗಾಗಿ ಇಷ್ಟು ಮಾಡುವವನೊಬ್ಬ ಇದ್ದಾನಲ್ಲ ಎಂದು ಹಿಗ್ಗಿದಳು. ಆ ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ.

ಯಾಕೆಂದರೆ ತಲೆನೋವು ನಿಲ್ಲಲಿಲ್ಲ. ಮದ್ದೂರಿನ ಹೋಟೆಲಿನಲ್ಲಿ, ಸೋಪಿನ ವಾಸನೆಯ ಅಂಗಿ ತೊಟ್ಟು ಚಲುವರಾಜು ಎದುರಿಗೆ ಕೂತಿದ್ದಾಗಲೇ ಅವಳ ಕಣ್ಣ ಮುಂದೆ ಮಿಂಚು ಹರಿದಾಡಿತು. ಬಾಯಿಗಿಟ್ಟಿದ್ದ ಜಾಮೂನು ತಟ್ಟೆಗೆ ಬಿತ್ತು. ಇನ್ನೊಂದು ಸಲವೂ ಹಾಗೇ ಆಯಿತು. ಮತ್ತೊಂದು ಸಲವೂ.

ಮರಿತಾಯಮ್ಮ ಆಗ ಬಾಯಿ ಬಿಟ್ಟಳು. "ಒಗೆ ಓಯ್ತು, ಅವಳ್ ತಲೆನೋವು ಓಗ್ಲಿಲ್ವಲ್ಲಾ. ಅವಳ್ಗೆ ಬ್ಯಾಡಾಗಿರೋದು ಒಗೆ ಅಲ್ಲ, ನೀನು ಕಣ್ಲಾ."

ಚಲುವರಾಜು ಅದನ್ನೇ ಹೊತ್ತುಕೊಂಡು ಬಂದು ಚಂದನಳ ಮುಂದಿಟ್ಟ. "ದಿಟ ಯೋಳು. ಒಗೆ ಬರೀ ನೆವಾನಾ?"

"ನಂಗೊತ್ತಿಲ್ಲ ಚಲುವ."

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಸುಳ್ಳು ಹೇಳುವವರೂ ಇದೇ ಮಾತನ್ನೇ ಆಡುತ್ತಾರೆ. ಅವನು ಎದ್ದು ಹೋದವನು ಮತ್ತೆ ಫೋನ್ ಎತ್ತಲಿಲ್ಲ.

ವರ್ಷ ಕಳೆದ ಮೇಲೆ ಮಂಡ್ಯದ ಆಸ್ಪತ್ರೆಯೊಂದರಲ್ಲಿ ತಲೆನೋವಿನ ಸಂಶೋಧನೆಗೆ ರೋಗಿಗಳು ಬೇಕಾಗಿದ್ದಾರೆ ಎಂದು ಕೇಳಿ ಚಂದನ ಹೋದಳು. ಡಾಕ್ಟರ್ ಆಶ್ರಿತಾ ಅವಳದೇ ವಯಸ್ಸಿನವರು. ಚಂದನ ಹೊಗೆಯ ಕಥೆಯನ್ನೆಲ್ಲ ಹೇಳಿದಳು, ಹುಡುಗನ ಕಥೆಯನ್ನು ಬಿಟ್ಟು. ಡಾಕ್ಟರ್ ಬೇರೆಯದನ್ನೇ ಕೇಳಿದರು.

"ಆಲೆಮನೆಗೆ ಹೋಗೋಣ ಅಂತ ಅನ್ನಿಸ್ತಿದ್ದದ್ದು ಯಾವಾಗ?"

"ಸಿಹಿ ತಿನ್ಬೇಕು ಅನ್ನಿಸ್ದಾಗ. ತುಂಬಾ ಅನ್ನಿಸೋದು, ತಡೆಯೋಕಾಗ್ತಿರ್ಲಿಲ್ಲ."

"ಆಗ ಆಕಳಿಕೆ ಬರ್ತಿತ್ತಾ?"

ಚಂದನ ತಲೆಯೆತ್ತಿ ನೋಡಿದಳು.

"ಮೈಗ್ರೇನ್ ನೋವಿನಿಂದ ಶುರುವಾಗಲ್ಲ ಚಂದನ. ಕೆಲವರಿಗೆ ಹಿಂದಿನ ದಿನವೇ ಮೆದುಳಿನ ಆಳದಲ್ಲಿ ಶುರುವಾಗಿರುತ್ತೆ, ಸ್ಕ್ಯಾನ್‌ಗಳಲ್ಲಿ ಕಂಡಿದೆ. ಆಕಳಿಕೆ, ಸಿಹಿಯ ಆಸೆ, ವಾಸನೆ ತಡೆಯೋಕಾಗದೇ ಇರೋದು, ಇವೆಲ್ಲ ಅದರ ಮೊದಲ ಹಂತ. ಎಲ್ಲರಿಗೂ ಹೀಗೇ ಅಂತ ಹೇಳೋಕಾಗಲ್ಲ, ಸಂಶೋಧನೆ ಇನ್ನೂ ನಡೀತಿದೆ. ಆದರೆ ನಿಮ್ಮದು ಕೇಳಿದ್ರೆ ಹಾಗೇ ಕಾಣುತ್ತೆ. ಹೊಗೆ ತಲೆನೋವು ತಂದಿದ್ದಲ್ಲ. ತಲೆನೋವೇ ನಿಮ್ಮನ್ನ ಬೆಲ್ಲದ ಹತ್ರ ಕರ್ಕೊಂಡು ಹೋಗಿದ್ದು."

ಆಕಳಿಸುವಾಗಲೇ ನುಂಗಿದರೆ ನೋವನ್ನು ತಡೆಯಬಹುದೇ ಎಂದು ಈಗ ಪರೀಕ್ಷೆ ಮಾಡುತ್ತಿರುವ ಮಾತ್ರೆಯ ಬಗ್ಗೆಯೂ ಡಾಕ್ಟರ್ ಹೇಳಿದರು. ಚಂದನಳ ಕಿವಿಗೆ ಅರ್ಧವೂ ಬೀಳಲಿಲ್ಲ. ಒಬ್ಬ ಮನುಷ್ಯ ಸುಮ್ಮಸುಮ್ಮನೆ ಅಪ್ಪನ ಕೊಪ್ಪರಿಗೆಯನ್ನು ಗುಜರಿಗೆ ಕೊಟ್ಟಿದ್ದ. ಅವನಿಗೆ ಬರುವ ಭಾನುವಾರ ಮದುವೆ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಅಷ್ಟರೊಳಗೆ, ತಾನು ಸುಳ್ಳುಗಾತಿಯಲ್ಲ ಎಂದಾದರೂ ಅವನಿಗೆ ತಿಳಿಯಬೇಕಿತ್ತು.

ಗೆಜ್ಜಲಗೆರೆಯ ಬಸ್ ಸ್ಟಾಪಿನಲ್ಲಿ ಶಿಫ್ಟು ಬಿಟ್ಟ ಜನ. ಚಲುವರಾಜು ಊಟದ ಬ್ಯಾಗು ಹಿಡಿದು ಬಂದ. ಹುಬ್ಬಿನ ಕೂದಲು ಪೂರ್ತಿ ಬೆಳೆದಿತ್ತು.

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೇಳಿದ.

"ಅಂಗಾದ್ರೆ ಒಗೆ ಏನೂ ಮಾಡಿರ್ನಿಲ್ಲ."

"ಇಲ್ಲ."

"ಸುಮ್ನೆ ಮುಚ್ಬುಟ್ಟೆ ಅನ್ನು." ಅವನು ನಗಲು ನೋಡಿದ, ಆಗಲಿಲ್ಲ. ಮತ್ತೆ ಕೇಳಿದ, "ಆ ಸಿಹಿ ಆಸೆಗೇ ಬತ್ತಿದ್ಯಾ ನನ್ತಾವ್ಕೆ? ಅದೂ ಕಾಯ್ಲೇನೇನಾ?"

ಡಾಕ್ಟರ ಕೋಣೆಯಿಂದ ಹೊರಬಂದಾಗಿನಿಂದ ಚಂದನಳನ್ನು ಕೊರೆಯುತ್ತಿದ್ದುದು ಇದೇ ಪ್ರಶ್ನೆ. ಉತ್ತರ ಮಾತ್ರ ಅವನ ಮುಖ ನೋಡಿದ ಮೇಲೆ ಸಿಕ್ಕಿತು.

"ಬೆಲ್ಲ ಗುತ್ತಲಿನ ಅಂಗ್ಡೀಲೂ ಸಿಗ್ತಿತ್ತು ಕಣೋ."

ಚಲುವರಾಜು ಮುಖ ತಿರುಗಿಸಿಕೊಂಡ. ಬಸ್ಸೊಂದು ಬಂತು, ನಿಂತಿತು, ಅವನು ಹತ್ತದೆಯೇ ಹೋಯಿತು.

"ಆ ಉಡ್ಗಿ ಏನ್ ತಪ್ ಮಾಡವ್ಳೆ ಯೋಳು," ಎಂದ ಕೊನೆಗೆ. "ಗೊತ್ತಿಲ್ದೆ ನಿನ್ ಕೈ ಬುಟ್ಟೆ. ಗೊತ್ತಿದ್ದೂ ಅವಳ್ ಕೈ ಬುಡ್ಲಾ?"

ಬಿಡು ಎಂದು ಕೂಗಬೇಕೆನಿಸಿತು ಅವಳಿಗೆ. ಅಷ್ಟು ಆಸೆಯಿತ್ತು, ಅಷ್ಟು ಹೊಟ್ಟೆಕಿಚ್ಚೂ ಇತ್ತು. "ಬ್ಯಾಡ," ಎಂದಳು.

ಶನಿವಾರ ಬೆಳಿಗ್ಗೆ ಚಂದನಳಿಗೆ ಆಕಳಿಕೆ ಶುರುವಾಯಿತು. ಬೆಲ್ಲ ತಿನ್ನಬೇಕೆನಿಸಿತು. ಅವಳು ಡಾಕ್ಟರ್ ಕೊಟ್ಟಿದ್ದ ಮಾತ್ರೆ ನುಂಗಿದಳು.

ಭಾನುವಾರ ತಲೆನೋವು ಬರಲಿಲ್ಲ. ತಲೆ ತೊಳೆದಿಟ್ಟ ಹಾಗೆ ಹಗುರವಾಗಿತ್ತು. ಮುಹೂರ್ತದ ಹೊತ್ತಿಗೆ ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮ ಅಭ್ಯಾಸದಂತೆ ಒಲೆ ಆರಿಸಿ, ಕಿಟಕಿ ಮುಚ್ಚಲು ಬಂದಳು.

"ತಲೆನೋವಾ ಮಗಾ?"

"ಇಲ್ಲಮ್ಮ."

"ಮತ್ಯಾಕ್ ಮಲಗಿದ್ದೀಯ?"

ಚಂದನ ಗೋಡೆಯ ಕಡೆ ಹೊರಳಿಕೊಂಡಳು. ಇಷ್ಟು ವರ್ಷ ಅಳುವುದಕ್ಕೆ ತಲೆನೋವೊಂದು ಕಾರಣವಾಗಿತ್ತು, ಈಗ ಅದೂ ಇರಲಿಲ್ಲ.