ಹಸಿರು ಬಾಗಿಲಿನ ಕಾರ್ಡು

ಡಿಸೆಂಬರ್ ಇಪ್ಪತ್ತೊಂಬತ್ತು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುವಾಗ ಹೆಡ್ ಕಾನ್‌ಸ್ಟೆಬಲ್ ಎರಡು ಸಲ ಪೆನ್ನು ಕೆಳಗಿಟ್ಟ. ದೂರುದಾರಳು ಶಾಲೆಯ ಟೀಚರ್. ಗಂಡ ಸಿಪಾಯಿ, ಸಮುದ್ರದಾಚೆಯ ಯುದ್ಧದಲ್ಲಿ ಕಾಣೆಯಾಗಿ ನಾಲ್ಕು ವರ್ಷ. 'ಮೃತಪಟ್ಟಿರುವುದಾಗಿ ಭಾವಿಸಲಾಗಿದೆ' ಎಂದು ಸೇನೆಯ ಕಾಗದ ಬಂದಿತ್ತು, ದೇಹ ಬಂದಿರಲಿಲ್ಲ. ಬರುವ ಭಾನುವಾರ ಅವಳಿಗೆ ಮರುಮದುವೆ. ಅತ್ತೆಯೇ ಮುಂದೆ ನಿಂತು ಮಾಡಿಸುತ್ತಿದ್ದಳು. ಇಂದು ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಗಂಡನ ಹೊಸ ವರ್ಷದ ಶುಭಾಶಯದ ಕಾರ್ಡು ಸಿಕ್ಕಿತ್ತು.

"ಸಹಿ ಅವರದೇನಾ?" ಇನ್ಸ್‌ಪೆಕ್ಟರ್ ಕೇಳಿದರು.

"ಅವರದೇ ಸರ್. ಕೆಳಗೆ ಎರಡು ಚುಕ್ಕಿ ಇಡ್ತಿದ್ರು. ಇದೆ ನೋಡಿ."

"ಯಾರೋ ಕಿಡಿಗೇಡಿಗಳು..."

"ಚಿತ್ರ ನೋಡಿ ಸರ್. ಅದು ನಮ್ಮನೆ ಬಾಗಿಲು. ಅವರಿದ್ದಾಗ ನೀಲಿ ಇತ್ತು. ಹಸಿರು ಹೊಡೆಸಿ ಇನ್ನೂ ಇಪ್ಪತ್ತು ದಿನ ಆಗಿಲ್ಲ."

ಕಾರ್ಡಿನಲ್ಲಿ ಹಸಿರು ಬಾಗಿಲೊಂದು ನಾಲ್ಕು ಬೆರಳಷ್ಟು ತೆರೆದಿತ್ತು. ಮೀನಿನಾಕಾರದ ಹಿಡಿ ಕೂಡ ಇತ್ತು, ಅಂಚಿನ ಸುತ್ತ ಬಳ್ಳಿಯ ಚಿತ್ತಾರ. ಕೆಳಗೆ ಬರಲಿರುವ ಹೊಸ ವರ್ಷದ ಸಂಖ್ಯೆ.

"ಆರೋಪಿ ಅಂತ ಯಾರನ್ನ ಬರೀಲಿ ಸಾರ್, ಸತ್ತವರನ್ನಾ?" ಹೆಡ್ ಕಾನ್‌ಸ್ಟೆಬಲ್ ಕೇಳಿದ.

"ಅಪರಿಚಿತ ಅಂತ ಬರಿ. ತಲೆಹರಟೆ ಬೇಡ."

ಎಫ್‌ಐಆರ್ ಆಯಿತು. ಹನ್ನೆರಡು ಗಂಟೆಗೆ ಮನೆಯಲ್ಲಿ ಪಂಚನಾಮೆ. ಅತ್ತೆ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಾನ್‌ಸ್ಟೆಬಲ್ ಅಗುಳಿ ಹಾಕಲು ಹೋದರೆ ಗದರಿದಳು.

"ಅಗುಳಿ ಹಾಕಿದ್ರೆ ಅವನು ಒಳಗೆ ಬರೋದು ಹೇಗಪ್ಪಾ?"

ಸೊಸೆ ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ಕರೆದಳು. "ಬದುಕಿದ್ರೆ ನಂಗೆ ಈ ಮದುವೆ ಬೇಡ ಸರ್. ಸತ್ತಿದ್ರೆ, ಅದನ್ನ ನಾನು ಕಣ್ಣಾರೆ ಕಂಡೆ ಅಂತ ಹೇಳೋರು ಒಬ್ಬರಾದ್ರೂ ಸಿಗ್ಲಿ. ಭಾನುವಾರದೊಳಗೆ."

ಅಷ್ಟರಲ್ಲಿ ಬಾಗಿಲು ತಾನಾಗಿಯೇ ಸರಿಯಿತು. ನಾಲ್ಕು ಬೆರಳಷ್ಟು ಸರಿದು ನಿಂತಿತು. ಆಚೆ ಯಾರೂ ಇರಲಿಲ್ಲ, ಗಾಳಿಯೂ ಇರಲಿಲ್ಲ. "ಬಾರೋ ಮಗನೇ," ಎಂದಳು ಮುದುಕಿ, ಮೆಲ್ಲಗೆ. ಮೂವತ್ತು ವರ್ಷ ಸರ್ವಿಸಾದ ಹೆಡ್ ಕಾನ್‌ಸ್ಟೆಬಲ್ ಇನ್ಸ್‌ಪೆಕ್ಟರ ಬೆನ್ನ ಹಿಂದೆ ಸರಿದು ನಿಂತ. ಇನ್ಸ್‌ಪೆಕ್ಟರ್ ಹೊರಗಿಳಿದು ಬೀದಿಯ ಎರಡೂ ಕಡೆ ನೋಡಿ ಬಂದರು. ಪಂಚನಾಮೆಯಲ್ಲಿ ಅದನ್ನು ಬರೆಸಲಿಲ್ಲ.

ಲಕೋಟೆಯ ಮೇಲೆ ಯುದ್ಧಭೂಮಿಯ ಸೇನಾ ಅಂಚೆಯ ಮುದ್ರೆಯಿತ್ತು. ಊರಿನ ಅಂಚೆ ಕಚೇರಿಯ ಮುದ್ರೆ ಇರಲಿಲ್ಲ. ಅಂದರೆ ಯಾರೋ ಕೈಯಾರೆ ತಂದು ಹಾಕಿದ್ದರು.

ಬುಧವಾರ ಸಂಜೆ ತಜ್ಞರ ವರದಿ ಬಂತು. ಸಹಿ ಅಸಲಿ, ಹಳೆಯದು. ಆದರೆ ಹಸಿರು ಶಾಯಿ ಸಹಿಯ ಚುಕ್ಕಿಗಳ ಮೇಲೆ ಕೂತಿದೆ, ಇನ್ನೂ ವಾಸನೆ ಹೋಗಿಲ್ಲ. ಖಾಲಿ ಕಾರ್ಡಿಗೆ ಸಹಿ ಹಾಕಿಸಿ, ಎಷ್ಟೋ ವರ್ಷದ ಮೇಲೆ ಚಿತ್ರ ಅಚ್ಚು ಹಾಕಿದ್ದರು.

ಗುರುವಾರ ಹೆಡ್ ಕಾನ್‌ಸ್ಟೆಬಲ್ ಪಂಚನಾಮೆಗೆ ಸಹಿ ಮಾಡಿಸಲು ಆ ಮನೆಗೆ ಹೋದವನು ಮದುವೆಯ ಕರೆಯೋಲೆ ಹಿಡಿದು ಬಂದ.

"ನಿಂಗೂ ಕರೆದ್ರೇನಯ್ಯಾ?"

"ಅಂಚಿನ ಬಳ್ಳಿ ನೋಡಿ ಸಾರ್. ಬಲ ಮೂಲೇಲಿ ಒಂದೆಲೆ ಮುರಿದಿದೆ. ಕಾರ್ಡಲ್ಲೂ ಅದೇ ಎಲೆ ಮುರಿದಿದೆ."

ಕರೆಯೋಲೆ ಅಚ್ಚಾದದ್ದು ಹಿಂದಿನ ಬೀದಿಯ ಪ್ರೆಸ್ಸಿನಲ್ಲಿ. ಸಂಜೆ ನಾಲ್ಕೂ ನಲವತ್ತಕ್ಕೆ ಅಲ್ಲಿ ಅಚ್ಚಿನ ಮೊಳೆ ಜೋಡಿಸುವವನ ಮೇಜಿನ ಖಾನೆಯಿಂದ ಸೇನಾ ಅಂಚೆಯ ಮುದ್ರೆ, ಬಾಗಿಲು ಕೆತ್ತಿದ ಮರದ ಅಚ್ಚು, ಹಸಿರು ಶಾಯಿಯ ಡಬ್ಬಿ ಜಪ್ತಾದವು. ಆತ ಐವತ್ತು ದಾಟಿದವನು. ತಪ್ಪಿಸಿಕೊಳ್ಳಲು ನೋಡಲಿಲ್ಲ.

"ಸೇನೇಲಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಅವರ ಪ್ರೆಸ್ಸಲ್ಲಿದ್ದೆ ಸ್ವಾಮಿ, ಸಮುದ್ರದಾಚೆ. ಹುಡುಗರಿಗೆ ಬಂದೂಕು, ಬಾವುಟದ ಕಾರ್ಡು ಬೇಕಿರ್ಲಿಲ್ಲ. ಅವರವರ ಮನೆ ಬಾಗಿಲೇ ಬೇಕು. ಮೊದಲು ಖಾಲಿ ಕಾರ್ಡಿಗೆ ಸಹಿ ಹಾಕೋರು, ಆಮೇಲೆ ಬಾಗಿಲು ಹೇಗಿದೆ ಅಂತ ಹೇಳೋರು. ನಾನು ಕೆತ್ತೋನು. ಈ ಹುಡುಗ ಮೀನಿನ ಹಿಡಿ ಹೇಳಿದ, ಸ್ವಲ್ಪ ತೆರೆದಿರ್ಲಿ ಅಂದ. ಬಣ್ಣ ಕೇಳೋವಾಗ ಲಾರಿ ಬಂತು. ವಾಪಸ್ ಬಂದು ಹೇಳ್ತೀನಿ ಅಂತ ಹತ್ಕೊಂಡು ಹೋದ."

"ಬಂದ್ರಾ?"

"ಹೊತ್ಕೊಂಡು ಬಂದ್ರು. ನಾನೇ ಮಣ್ಣು ಮಾಡಿದೆ. ಮಾರನೇ ದಿನ ಶಿಬಿರ ಬಿಟ್ಟು ಓಡಿದ್ವಿ. ವಿಳಾಸದ ಪಟ್ಟಿ, ಸತ್ತವರ ಪಟ್ಟಿ ಎಲ್ಲಾ ಸುಟ್ಟು ಹೋಯ್ತು. ಈ ಕಾರ್ಡು, ಅಚ್ಚು, ಮುದ್ರೆ ಮಾತ್ರ ನನ್ನ ಚೀಲದಲ್ಲಿ ಉಳೀತು. ಹೋದ ವಾರ ಕರೆಯೋಲೆ ಜೋಡಿಸ್ತಾ, ಆ ಹುಡುಗ ಹೇಳ್ತಿದ್ದ ತಾಯಿ ಹೆಸರು, ಹೆಂಡತಿ ಹೆಸರು ಒಟ್ಟಿಗೆ ಕಂಡಿತು. ಹೋಗಿ ನೋಡ್ದೆ, ಬಾಗಿಲು ಹಸಿರು. ಭಾನುವಾರ ಕಳೆದ್ರೆ ಯಾರ ಕೈಗೆ ಕೊಡ್ಲಿ ಅಂತ ಮುಗಿಸಿಬಿಟ್ಟೆ."

"ಬಾಗಿಲು ತಟ್ಟಿ ಹೇಳಬಾರದಿತ್ತಾ?"

"ಬಾಯಿ ಬರ್ಲಿಲ್ಲ ಸ್ವಾಮಿ."

"ಬರೋ ವರ್ಷದ ಸಂಖ್ಯೆ ಯಾಕೆ?"

"ಹಳೇ ವರ್ಷ ಹಾಕಿ ಯಾರಾದ್ರೂ ಶುಭಾಶಯ ಕಳಿಸ್ತಾರಾ? ಕೆಲಸ ಅಂದ್ಮೇಲೆ ಸರಿಯಾಗಿರ್ಬೇಕು."

ಇನ್ಸ್‌ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. "ಒಳ್ಳೇ ಕೆಲಸ ಮಾಡಿದ್ರಿ! ಮೂರು ದಿನದಿಂದ ಆ ಮುದುಕಮ್ಮ ಅಗುಳಿ ಹಾಕಿಲ್ಲ, ಮಗ ಬರ್ತಾನೆ ಅಂತ."

ಆತ ಶಾಯಿ ಹತ್ತಿದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಐದೂ ಹತ್ತಕ್ಕೆ ದಸ್ತಗಿರಿಯಾಯಿತು: ಸರ್ಕಾರಿ ಮುದ್ರೆಯ ಕಳವು ಮತ್ತು ದುರ್ಬಳಕೆ.

ಆರು ಗಂಟೆಗೆ ಅತ್ತೆ, ಸೊಸೆ ಇಬ್ಬರೂ ಠಾಣೆಗೆ ಬಂದರು. ಮುದುಕಿ ಅವನ ಎದುರಿಗೇ ಕೂತಳು.

"ನೀನೇ ಮಣ್ಣು ಮಾಡಿದ್ಯಾ?"

"ಹೌದಮ್ಮ."

"ಕಣ್ಣು ಮುಚ್ಚಿತ್ತಾ?"

"ನಾನೇ ಮುಚ್ಚಿದೆ."

ಸೊಸೆ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಮುದುಕಿ ಬಹಳ ಹೊತ್ತು ಮೇಜಿನ ಮೇಲಿನ ಕಾರ್ಡನ್ನು ನೋಡಿ, ಅವನ ಕಡೆ ತಿರುಗಿದಳು.

"ನೀಲಿ ಇತ್ತು ಕಣಪ್ಪಾ," ಎಂದಳು. "ಅವನಿದ್ದಾಗ ಬಾಗಿಲು ನೀಲಿ ಇತ್ತು."

ಜನವರಿ ಒಂದು, ಬೆಳಿಗ್ಗೆ ಒಂಬತ್ತಕ್ಕೆ ಇನ್ಸ್‌ಪೆಕ್ಟರ್ ಹೇಳಿಕೆಗೆ ಸಹಿ ಪಡೆಯಲು ಆ ಮನೆಗೆ ಹೋದರು. ಒಳಗಿನಿಂದ ಅಗುಳಿ ಹಾಕಿತ್ತು. ತಟ್ಟಬೇಕಾಯಿತು.