ಹಳದಿ ಗುಂಡಿಯ ಜಾಗ

"ಕಡಲೆಕಾಳಿನಷ್ಟು ದೊಡ್ಡ ಗಡಿಯಾರ ಬೇಕಿತ್ತು. ಮೂರು."

ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಅಪ್ಪ ಊಟಕ್ಕೆ ಮನೆಗೆ ಹೋಗಿದ್ದರು. ಕೌಂಟರಿನ ಆಚೆ ನಿಂತವನು ತಮಾಷೆ ಮಾಡ್ತಿದಾನೆ ಅಂತಲೇ ಅನ್ನಿಸಿತು. ಐವತ್ತೊಂಬತ್ತನೇ ಇಸವಿಯ ಶಿವಮೊಗ್ಗದಲ್ಲಿ, ಗಡಿಯಾರ ರಿಪೇರಿ ಅಂಗಡಿಯಲ್ಲಿ ಹುಡುಗಿ ಒಬ್ಬಳೇ ಕೂತಿದ್ದರೆ ತಮಾಷೆ ಮಾಡೋರಿಗೆ ಬರವಿರಲಿಲ್ಲ.

"ಅಪ್ಪ ಬರ್ಲಿ," ಅಂದೆ.

"ಓಡೋ ಗಡಿಯಾರ ಅಲ್ಲ. ಮುಖ ಮಾತ್ರ ಸಾಕು," ಅನ್ನುತ್ತಾ ಆತ ಒಂದು ಚೀಟಿಯನ್ನು ನನ್ನ ಕಡೆ ಸರಿಸಿದ. ನಾಲ್ಕಾಗಿ ಮಡಿಚಿದ ಚೀಟಿ!

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ತಗೊಂಡು ಹೋಗಿ ಅದನ್ನ. ನಾನು ಅಂಥವಳಲ್ಲ."

ಆತ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಚೀಟಿಯನ್ನು ತಾನೇ ನಿಧಾನವಾಗಿ ಬಿಡಿಸಿ ಇಟ್ಟ. ಕೈವಾರದಲ್ಲಿ ಎಳೆದ ಮೂರು ವೃತ್ತ. ಒಳಗೆ ಅಂಕಿ, ಕೆಳಗೆ ಒಂದೊಂದು ಪದ: ಎತ್ತರ, ವೇಗ, ಏರಿಳಿತ.

"ಎಂಥವರಲ್ಲ ನೀವು?" ಅಂತ ಕೇಳಿದ. ತುಟಿ ಬಿಗಿಯಾಗಿತ್ತು, ಕಣ್ಣು ಮಾತ್ರ ನಗ್ತಿತ್ತು.

ಅವರ ಹೆಸರು ಶಿವರಾಮ. ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ. ಕಬ್ಬಿಣದ ಎರಕ ಹೊಯ್ಯೋ ಮೊದಲು ಮರದಲ್ಲಿ ಅದರ ಅಚ್ಚು ಕೆತ್ತಬೇಕಲ್ಲ, ಅದನ್ನು ಕೆತ್ತುವವರು. ಟವೆಲ್ಲಿನಲ್ಲಿ ಸುತ್ತಿ ತಂದಿದ್ದನ್ನು ಕೌಂಟರಿನ ಮೇಲೆ ಬಿಚ್ಚಿದರು. ಮೊಳದುದ್ದದ ಮೀನಿನಂಥ ಮರದ ಒಡಲು, ಮುಂದುಗಡೆ ಟೊಳ್ಳು.

"ಗ್ಲೈಡರ್. ಒಂದಡಿಗೆ ಒಂದಿಂಚಿನ ಲೆಕ್ಕದಲ್ಲಿ ಮಾಡ್ತಿದೀನಿ. ರೆಕ್ಕೆ ರೂಮಿನಲ್ಲಿದೆ. ಇದು ಹಾರಿಸೋನು ಕೂರೋ ಜಾಗ. ಇದರೊಳಗಿನದೆಲ್ಲ ಆಗಬೇಕು."

"ಇಂಜಿನ್ ಎಲ್ಲಿ?"

"ಇರಲ್ಲ."

"ಇರಲ್ಲ ಅಂದ್ರೆ?"

"ಉದ್ದದ ತಂತಿಹಗ್ಗ ಕಟ್ಟಿ, ಆ ತುದಿಯಿಂದ ಯಂತ್ರದಲ್ಲಿ ಎಳೀತಾರೆ. ಗಾಳಿಪಟದ ಹಾಗೆ ಮೇಲೇಳುತ್ತೆ. ಆಮೇಲೆ ಹಗ್ಗ ಬಿಟ್ಟುಬಿಡೋದು."

"ಬಿಟ್ಟಮೇಲೆ?"

"ಗಾಳಿ ಇದೆಯಲ್ಲ."

ನಾನು ಹುಟ್ಟಾ ಪುಕ್ಕಲಿ. ತುಂಗೆಯ ಸೇತುವೆ ಮೇಲೆ ಬಸ್ಸು ಹೋಗುವಾಗ ಕಣ್ಣು ಮುಚ್ಚಿಕೊಳ್ಳುವವಳು. ಟೆಲಿಗ್ರಾಂನವನು ಪಕ್ಕದ ಮನೆ ಬಾಗಿಲು ತಟ್ಟಿದರೂ ನನ್ನ ಎದೆ ಡವಗುಟ್ಟುತ್ತಿತ್ತು.

ಅವರ ನೋಟ ನನ್ನ ಬೆರಳಿಗೆ ಬಿತ್ತು. ಉಗುರಿನ ಅಂಚಿನಲ್ಲಿ ಕಪ್ಪು ಬಣ್ಣ. "ಡಯಲ್ ಬರೆಯೋದು ನಿಮ್ಮ ತಂದೆ ಅಂದ್ಕೊಂಡಿದ್ದೆ. ನೀವಾ?"

"ಯಾರಿಗೂ ಹೇಳಬೇಡಿ," ಅಂದೆ ಗಾಬರಿಯಿಂದ. ಎರಡು ವರ್ಷದಿಂದ ಅಪ್ಪನಿಗೆ ಕಣ್ಣು ಮಂಜು. ಅಂಕಿ ಅಳಿಸಿಹೋದ ವಾಚುಗಳಿಗೆ ಮತ್ತೆ ಅಂಕಿ ಬರೆಯೋದು ನಾನು. ಊರಿಗೆ ಗೊತ್ತಾದರೆ ಗಿರಾಕಿ ಬಿಟ್ಟುಹೋಗ್ತಾರೆ ಅಂತ ಅಪ್ಪ ಹೆದರಿದ್ದರು.

"ಯಾರಿಗೂ ಹೇಳಲ್ಲ. ಮೂರು ಡಯಲ್ ಬರೆದುಕೊಟ್ರೆ."

ಹಾಗೆ ಶುರುವಾಯಿತು. ಶನಿವಾರ ಕಾರ್ಖಾನೆ ಅರ್ಧ ದಿನ. ಮೂರು ಗಂಟೆ ಹೊತ್ತಿಗೆ ಟವೆಲ್ಲಿನ ಗಂಟು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಅಪ್ಪನಿಗೂ ಆ ಕೆಲಸ ಕಂಡು ಕುತೂಹಲ. ಮೂಲೆಯ ಮೇಜಿನಿಂದಲೇ "ಸೀಟಿಗೆ ಏನು ಹಾಕ್ತೀರಿ?" ಅಂತ ಕೇಳೋರು. ಸೀಟಿಗೆ ಅಡಿಕೆ ಹಾಳೆ. ನೆನೆಸಿ, ಚಮಚದ ಬೆನ್ನಿಗೆ ಒತ್ತಿ ಕಟ್ಟಿ ಒಣಗಿಸಿದರೆ ಗುಳಿಬಿದ್ದ ಪುಟ್ಟ ಸೀಟು. ಹಳೇ ವಾಚಿನ ಬೆಲ್ಟಿನ ಒಳಚರ್ಮ ಸೀಳಿ ಸೊಂಟದ ಪಟ್ಟಿ. ಹಿತ್ತಾಳೆ ತಂತಿ ಬಗ್ಗಿಸಿ ಬಕಲ್. ಮೇಲಿನ ಗಾಜಿಗೆ, ಬಿಸಿನೀರಲ್ಲಿ ಕಪ್ಪು ತೊಳೆದ ಎಕ್ಸ್-ರೇ ಫಿಲಂ.

ಡಯಲ್ ಮಾತ್ರ ನನ್ನದು. ಒಂದೇ ಕೂದಲಿನ ಕುಂಚ, ಒಂದು ಕಣ್ಣಿಗೆ ಭೂತಗಾಜು. ಆ ಕಣ್ಣಿಗೆ ಅಂಕಿ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಇನ್ನೊಂದು ಕಣ್ಣು ಖಾಲಿ. ಅದನ್ನು ಅವರು ನೋಡುತ್ತಿದ್ದರು. ನೋಡುತ್ತಿದ್ದಾರೆ ಅಂತ ಗೊತ್ತಾಗಿ ನಾಲ್ಕರ ಬಾಲ ಸೊಟ್ಟಗಾಗುತ್ತಿತ್ತು.

"ಈ ಮುಳ್ಳು ಸ್ವಲ್ಪ ಓರೆ," ಅನ್ನೋರು. "ಮುಂದಿನ ವಾರ ಸರಿಮಾಡಿಕೊಡಿ."

ಮುಳ್ಳು ಓರೆ ಇರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

"ಎತ್ತರದ ಮುಳ್ಳು ಎಲ್ಲಿಗೆ ನಿಲ್ಲಿಸಲಿ?" ಅಂತ ಒಂದು ದಿನ ಕೇಳಿದೆ. "ಸಾವಿರ ಅಡಿ?"

"ಬೇಡ. ಸೊನ್ನೆಯಲ್ಲಿರಲಿ."

"ಹಾರೋದಲ್ವಾ?"

"ಸೊನ್ನೆಯಲ್ಲೇ ಇರಲಿ, ಭಾಮಾ."

ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದರು. ಸತ್ಯಭಾಮಾ ಅನ್ನೋದನ್ನ ಅರ್ಧ ಮಾಡಿ. ಖುಷಿಯಾಗಬೇಕಿತ್ತು. ಆದರೆ ಅವರ ದನಿಯಲ್ಲಿ ಏನೋ ಇತ್ತು. ನನಗೆ ಚೆನ್ನಾಗಿ ಗೊತ್ತಿರೋ ವಸ್ತು ಅದು, ಹೆದರಿಕೆ.

ಬೆಂಗಳೂರಿನ ಕ್ಲಬ್ಬಿಗೆ ಹೋಗಿ ಗ್ಲೈಡರ್ ಹಾರಿಸೋದು ಕಲಿತಿದ್ದೆ ಅಂತ ಅವರು ಹೇಳಿದ್ದರು. ಮತ್ತೆ ಯಾವಾಗ ಹೋಗ್ತೀರಿ ಅಂದರೆ ಮಾತು ತಪ್ಪಿಸೋರು. ಮಾದರಿಯಲ್ಲಿ ಎಲ್ಲ ಆಯಿತು, ಒಂದು ಬಿಟ್ಟು. ಮೇಲೆ ಹೋದಮೇಲೆ ಹಗ್ಗ ಬಿಡಲು ಎಳೆಯೋ ಹಳದಿ ಗುಂಡಿ. ಸಾಸಿವೆಯಷ್ಟು ದೊಡ್ಡದು. ಅರಗಿನಲ್ಲಿ ಮಾಡಿ, ಹಳದಿ ಬಣ್ಣ ಕೊಟ್ಟು ನಾನು ತಯಾರಿಟ್ಟಿದ್ದೆ. "ಎಲ್ಲಿ ಅಂಟಿಸಲಿ?" ಅಂದಾಗಲೆಲ್ಲ "ಮುಂದಿನ ವಾರ" ಅನ್ನೋರು.

ಸಂಕ್ರಾಂತಿ ಕಳೆದ ಶನಿವಾರ ಅಪ್ಪ ಕಾಫಿಪುಡಿ ತರಲು ಹೋಗಿದ್ದರು. ನಾನು ಮತ್ತೆ ಕೇಳಿದೆ.

"ಗೊತ್ತಿಲ್ಲ," ಅಂದರು.

"ಏನು ಗೊತ್ತಿಲ್ಲ?"

"ಗುಂಡಿ ಎಲ್ಲಿತ್ತು ಅಂತ."

ನಾನು ನಕ್ಕೆ. ಅವರು ನಗಲಿಲ್ಲ. ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನೆಲ ನೋಡುತ್ತಾ ಹೇಳಿದರು.

ಹೋದ ವರ್ಷ ಫೆಬ್ರವರಿ. ಒಬ್ಬರೇ ಹಾರಿಸುತ್ತಿದ್ದ ಮೂರನೇ ಸಲ. ಎಂಟುನೂರು ಅಡಿಯಲ್ಲಿ ಗುಂಡಿ ಎಳೆಯಬೇಕು. ಕೈ ಎತ್ತಿದರು. ಕೈಗೆ ಗೊತ್ತಾಗಲಿಲ್ಲ, ಎಡಕ್ಕೋ ಬಲಕ್ಕೋ. ನೂರು ಸಲ ಎಳೆದ ಗುಂಡಿ. ತಲೆಯೊಳಗೆ ಬರೀ ಬಿಳಿ. ಹಗ್ಗ ಎಳೆಯುತ್ತಲೇ ಇತ್ತು, ಮೂತಿ ಕೆಳಕ್ಕೆ ಜಗ್ಗಿತು. ಕೆಳಗಿದ್ದವರು ಕೊಡಲಿಯಿಂದ ತಂತಿ ಕಡಿದರು. ತಂತಿ ಜೋತಾಡುತ್ತಲೇ ಮೈದಾನದ ಆಚೆ ರಾಗಿ ಹೊಲದಲ್ಲಿ ಇಳಿದರು. ಯಾರಿಗೂ ಏಟಾಗಲಿಲ್ಲ.

"ಓಡಿಬಂದು ಏನಾಯ್ತು ಅಂತ ಕೇಳಿದ್ರು. ಗುಂಡಿ ಜಾಮ್ ಆಗಿತ್ತು ಅಂದುಬಿಟ್ಟೆ."

"ಆಗಿರ್ಲಿಲ್ವಾ?"

"ನಾನು ಅದನ್ನ ಮುಟ್ಟಲೇ ಇಲ್ಲ, ಭಾಮಾ. ಬೆಳಗ್ಗೆ ಹಗ್ಗ ಬಿಡೋ ಕೊಕ್ಕೆ ಪರೀಕ್ಷೆ ಮಾಡಿದ್ದ ಮೆಕ್ಯಾನಿಕ್ಕನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರು. ಕೊಟ್ರಬಸಪ್ಪ ಅಂತ. ಭದ್ರಾವತಿಯವರೇ. ನ್ಯೂ ಟೌನ್ ಹತ್ತಿರ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕ್ತಾರೆ ಈಗ. ಒಂದು ವರ್ಷದಿಂದ ನಾನು ಆ ರಸ್ತೆಗೆ ಹೋಗಿಲ್ಲ."

ಇಷ್ಟು ದಿನ ಅವರು ಬಿದ್ದುಬಿಟ್ಟರೆ ಅಂತ ಹೆದರಿದ್ದೆ. ಈಗ ಅವರನ್ನು ಕಂಡೇ ಹೆದರಿಕೆಯಾಯಿತು. ನಾನು ಯಾರ ಕಣ್ಣಿಗೆ ಕಣ್ಣು ಕೊಟ್ಟಿದ್ದೆ?

"ಹೋಗಿ ಹೇಳಿ ಅವರಿಗೆ."

"ಹೆದರಿಕೆ."

"ನನಗೂ," ಅಂದೆ. "ನಾನೂ ಬರ್ತೀನಿ." ಮಾತು ಬಾಯಿಂದ ಬಿದ್ದಮೇಲೆ ನನಗೇ ಕೇಳಿಸಿದ್ದು.

ಭಾನುವಾರ ಬೆಳಗ್ಗೆ "ಭದ್ರಾವತಿಗೆ, ಜನ್ನಾಪುರದ ಜಲಜತ್ತೆ ಮನೆಗೆ ಹೋಗಿಬರ್ತೀನಿ" ಅಂತ ಅಪ್ಪನಿಗೆ ಹೇಳಿದೆ. ಹುಟ್ಟಿದಮೇಲೆ ಹೇಳಿದ ಮೊದಲ ದೊಡ್ಡ ಸುಳ್ಳು. ರೈಲಿನಲ್ಲಿ ಹೆಂಗಸರ ಡಬ್ಬಿಯಲ್ಲಿ ಕೂತೆ. ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿಯಾಯಿತು. ಭದ್ರಾವತಿ ಸ್ಟೇಷನ್ನಿನಲ್ಲಿ ಅವರು ಕಾಯುತ್ತಿದ್ದರು. ಅವರು ಮುಂದೆ, ಹತ್ತು ಮಾರು ಹಿಂದೆ ನಾನು. ಎದುರಿಗೆ ಬಂದವರೆಲ್ಲ ಅಪ್ಪನ ಪರಿಚಯದವರ ಹಾಗೇ ಕಂಡರು.

ಸೈಕಲ್ ಶಾಪಿನ ಮುಂದೆ ಒಬ್ಬರು ಕುಕ್ಕರುಗಾಲಲ್ಲಿ ಕೂತು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ಐವತ್ತರ ಸುಮಾರು, ಹಣೆಯಲ್ಲಿ ವಿಭೂತಿ. ತಲೆ ಎತ್ತಿ ನೋಡಿದರು. ಗುರುತು ಹಿಡಿದರು. ಮತ್ತೆ ಟ್ಯೂಬ್ ಅದ್ದಿದರು.

ಶಿವರಾಮ ಟವೆಲ್ ಬಿಚ್ಚಿ ಮಾದರಿಯನ್ನು ಅವರ ಮುಂದೆ ಕಲ್ಲಿನ ಮೇಲಿಟ್ಟರು. ಕೊಟ್ರಬಸಪ್ಪ ಕೈ ಒರೆಸಿಕೊಂಡು ಎತ್ತಿ, ಬಿಸಿಲಿಗೆ ಹಿಡಿದು ಒಳಗೆ ಇಣುಕಿದರು. ಬಹಳ ಹೊತ್ತು.

"ಹಳದಿ ಗುಂಡಿ ಹಾಕಿಲ್ವಲ್ಲ," ಅಂದರು. "ಎಡಗಡೆ. ಮೊಣಕಾಲಿನ ಮೇಲ್ಗಡೆ. ಕಣ್ಮುಚ್ಚಿ ಕೈ ಚಾಚಿದ್ರೂ ಸಿಗಲಿ ಅಂತ ಅಲ್ಲಿಟ್ಟಿರೋದು."

"ಜಾಮ್ ಆಗಿರ್ಲಿಲ್ಲ," ಅಂದರು ಶಿವರಾಮ. ಇಷ್ಟೇ ಅಂದದ್ದು. ಕೊನೆಯ ಅಕ್ಷರ ಬರುವಷ್ಟರಲ್ಲಿ ಅಳುತ್ತಿದ್ದರು.

"ಗೊತ್ತಿತ್ತು. ಅವತ್ತು ಸಂಜೆ ಇಪ್ಪತ್ತು ಸಲ ಎಳೆದು ನೋಡಿದೆ. ಇಪ್ಪತ್ತು ಸಲವೂ ಕೊಕ್ಕೆ ಬಿಡ್ತು. ಹೇಳಿದೆ. ಹಾರಿದವನ ಮಾತು ಕೇಳ್ತಾರೋ, ಗ್ರೀಸ್ ಹಚ್ಚೋನ ಮಾತು ಕೇಳ್ತಾರೋ?" ಮಾದರಿಯನ್ನು ಹುಷಾರಾಗಿ ಕೆಳಗಿಟ್ಟರು. "ಆಮೇಲಾಮೇಲೆ ನನಗೇ ಅನುಮಾನ ಬಂತು ಮಾರಾಯ. ನಾನೇ ಏನೋ ಮರೆತೆನಾ ಅಂತ. ಈಗ ಒಂದು ಸೈಕಲ್ ಬ್ರೇಕ್ ಕಟ್ಟಿದ್ರೂ ಮೂರು ಸಲ ನೋಡ್ತೀನಿ. ಅದನ್ನ ಮಾಡಿದ್ದು ನೀನು."

ನಮ್ಮನ್ನು ಕೂರಿ ಅನ್ನಲಿಲ್ಲ. "ನನ್ನ ಹತ್ತಿರ ಅತ್ತು ಏನು ಪ್ರಯೋಜನ? ಹೇಳೋ ಕಡೆ ಹೋಗಿ ಹೇಳು," ಅಂದು ಟ್ಯೂಬಿನ ಕಡೆ ತಿರುಗಿಕೊಂಡರು.

ಶಿವರಾಮ ಸ್ಟೇಷನ್ನಿನ ತನಕ ಬಂದರು. ಬೆಂಗಳೂರಿಗೆ ಹೋಗ್ತೀನಿ ಅಂತ ಹೇಳಲಿ ಅಂತ ನಾನು ಕಾದೆ. ರೈಲು ಹೊರಟಿತು. ಅವರು ಹೇಳಲಿಲ್ಲ.

ಮನೆ ಬಾಗಿಲು ತಳ್ಳಿದರೆ, ನಡುಮನೆಯಲ್ಲಿ ಜಲಜತ್ತೆ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದಳು.

"ನಮ್ಮನೆಗೆ ಹೋಗಿದ್ಯಂತಲ್ಲ ಮಾರಾಯ್ತಿ," ಅಂದಳು. "ನಾನು ಹೇಗಿದೀನಿ?"

ಅಪ್ಪ ಕಿಟಕಿ ಹತ್ತಿರ ನಿಂತಿದ್ದರು. ನಾನು ಅಲ್ಲೇ ಹೊಸಿಲ ಮೇಲೆ ಕೂತೆ. ಇನ್ನೊಂದು ಸುಳ್ಳು ಕಟ್ಟುವ ಶಕ್ತಿ ಇರಲಿಲ್ಲ. ಎಲ್ಲ ಹೇಳಿದೆ. ರಾಗಿ ಹೊಲ, ಕೊಟ್ರಬಸಪ್ಪ, ಸೈಕಲ್ ಶಾಪು. ಕೊನೆಗೆ, ಯಾರೂ ಕೇಳದೆ ಇದ್ದರೂ, "ಅವರು ಅಂದ್ರೆ ನನಗೆ ಇಷ್ಟ" ಅಂತಲೂ ಹೇಳಿಬಿಟ್ಟೆ. ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಏನೋ ಬಿದ್ದ ಸದ್ದಾಯಿತು.

ಅಪ್ಪ ಬೈಯಲಿಲ್ಲ. "ಅವನು ಬೆಂಗಳೂರಿಗೆ ಹೋಗಿ ನಿಜ ಹೇಳಿದ್ರೆ ಈ ಮನೆಗೆ ಬರ್ಲಿ," ಅಂದರು. "ಹೇಳದಿದ್ರೆ ಅಂಗಡಿ ಮೆಟ್ಟಿಲೂ ಹತ್ತೋದು ಬೇಡ. ಬೇಕಾದ್ರೆ ಅವನಿಗೆ ಹಾಗಂತ ಒಂದು ಕಾರ್ಡು ಬರಿ."

ಕಾರ್ಡು ತಂದೆ. ಬರೆಯಲಿಲ್ಲ. ನನಗಾಗಿ ಹೇಳಿದ ನಿಜ ನನಗೆ ಬೇಕಿರಲಿಲ್ಲ. ಅವರಾಗೇ ಹೋಗಬೇಕಿತ್ತು.

ಆ ದಿನಗಳನ್ನು ಹೇಗೆ ಕಳೆದೆನೋ. ಶನಿವಾರ ಮೂರು ಗಂಟೆಗೆ ಯಾರೂ ಬರಲಿಲ್ಲ. ಹೋಗಲೇ ಇಲ್ಲವೇನೋ, ನನ್ನ ಮುಖ ನೋಡಲು ನಾಚಿ ಈ ರಸ್ತೆಯನ್ನೂ ಬಿಟ್ಟರೇನೋ ಅಂತ ಒಂದು ಹೆದರಿಕೆ. ಹೋಗಿದ್ದರೆ ಪೊಲೀಸರಿಗೆ ಕೊಟ್ಟರೇನೋ, ಕಾರ್ಖಾನೆಯ ಕೆಲಸವೂ ಹೋಯಿತೇನೋ ಅಂತ ಇನ್ನೊಂದು. ಮೂರನೆಯದನ್ನು ಯಾರಿಗೂ ಹೇಳಲಿಲ್ಲ. ಅವರು ಹೋಗದೇ ಇದ್ದರೂ ನನಗೆ ಅವರು ಬೇಕು ಅನ್ನಿಸಿಬಿಟ್ಟರೆ? ಒಂದು ವಾಚಿಗೆ ಏಳರ ಜಾಗದಲ್ಲಿ ಎಂಟು ಬರೆದೆ. ಅಪ್ಪ ಭೂತಗಾಜು ಹಿಡಿದು ನೋಡಿದರು, ಸುಮ್ಮನೆ ಅಳಿಸಿಕೊಟ್ಟರು.

ಹನ್ನೆರಡನೇ ದಿನ, ಗುರುವಾರ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆವು. ಮೆಟ್ಟಿಲ ಕೆಳಗೆ ಶಿವರಾಮ ನಿಂತಿದ್ದರು. ಗಡ್ಡ ಬೆಳೆದಿತ್ತು. ಅಂಗಿ ತುಂಬ ರೈಲಿನ ಮಸಿ.

"ಹೇಳಿದೆ," ಅಂದರು. ನನಗಲ್ಲ, ಅಪ್ಪನಿಗೆ. "ಎರಡು ದಿನ ಕ್ಲಬ್ಬಿನ ಆಫೀಸಿನ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಮೂರನೇ ದಿನ ಒಳಗೆ ಹೋಗಿ ಹೇಳಿದೆ. ಬರೆದುಕೊಡು ಅಂದ್ರು, ಬರೆದುಕೊಟ್ಟೆ. ಎಲ್ಲರ ಎದುರಿಗೆ ಬೈದ್ರು. ಕೊಟ್ರಬಸಪ್ಪನವರಿಗೆ ವಾಪಸ್ ಬಾ ಅಂತ ಕಾಗದ ಕೊಟ್ಟಿದಾರೆ. ನಾನೇ ತಂದು ಬೆಳಗ್ಗೆ ಅವರ ಕೈಗೆ ಕೊಟ್ಟೆ."

"ಏನಂದ್ರು?" ಅಂತ ಅಪ್ಪ ಕೇಳಿದರು.

"ಏನೂ ಅನ್ನಲಿಲ್ಲ. ಓದಿದ್ರು. ಒಳಗೆ ಹೋಗಿ ಹೆಂಡತಿಗೆ ಓದಿ ಹೇಳಿದ್ರು. ನಾನು ಬಂದುಬಿಟ್ಟೆ."

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. "ಭಾಮಾ, ಮನೆಗೆ ಕರ್ಕೊಂಡು ಹೋಗು. ಬಿಸಿನೀರು ಕಾಯಿಸೋಕೆ ಹೇಳು ನಿಮ್ಮಮ್ಮನಿಗೆ," ಅಂದರು. "ಆಮೇಲೆ ಉಪ್ಪಿಟ್ಟು."

ಬೀದಿಯಲ್ಲಿ ಈ ಸಲ ಹತ್ತು ಮಾರಿನ ಅಂತರ ಇರಲಿಲ್ಲ. ಹೂವಿನವಳು ನೋಡಿದಳು. ಜವಳಿ ಅಂಗಡಿಯವರು ನೋಡಿದರು. ನನ್ನ ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಆದರೂ ನಾನು ಹಿಂದೆ ಸರಿಯಲಿಲ್ಲ.

"ಒಂದು ವರ್ಷ ಹಾರೋ ಹಾಗಿಲ್ಲ," ಅಂದರು ಶಿವರಾಮ. "ಆಮೇಲೆ ಬೇಕಾದ್ರೆ ಮತ್ತೆ ಮೊದಲಿಂದ, ಮೇಷ್ಟ್ರ ಜೊತೆ ಕೂತು. ನಾನು ಹೋಗ್ತೀನಿ, ಭಾಮಾ. ಇದನ್ನ ಈಗಲೇ ಹೇಳಬೇಕು. ನನ್ನನ್ನ ಮದುವೆ ಆದ್ರೆ ನೀವು ಆ ಮೈದಾನದಲ್ಲಿ ನಿಂತು ಮೇಲೆ ನೋಡಬೇಕಾಗುತ್ತೆ."

ನಾನು ನಿಂತುಬಿಟ್ಟೆ. ಸೈಕಲ್ಲೊಂದು ಬೆಲ್ ಮಾಡಿ ಸುತ್ತುಹಾಕಿ ಹೋಯಿತು.

"ನನಗೆ ಹೆದರಿಕೆ ಆಗುತ್ತೆ."

"ಗೊತ್ತು."

"ಬರ್ತಾ ಬರ್ತಾ ಕಮ್ಮಿ ಆಗುತ್ತೆ ಅಂತ ಸುಳ್ಳು ಹೇಳಬೇಡಿ."

"ಹೇಳಲ್ಲ. ನನಗೂ ಕಮ್ಮಿ ಆಗಿಲ್ಲ."

ಅವರ ಮುಖ ನೋಡಿದೆ. ಭೂತಗಾಜಿಲ್ಲದೆ, ಎರಡೂ ಕಣ್ಣಿಂದ, ಬೀದಿಯ ನಡುವೆ.

"ಹಾಗಾದ್ರೆ ಹೆದರ್ಕೊಂಡೇ ಬರ್ತೀನಿ," ಅಂದೆ.