ಮಂಗಳವಾರ ಹೊರಡದವನು

"ಬಂದ್ಯಾ? ಈಗ ಯಾಕೆ ಬಂದೆ?"

ಅಮಾಲ್ಫಿಯ ದೋಣಿಕಟ್ಟೆಯ ಮೇಲೆ ಓರ್ನೆಲ್ಲಾಳ ದನಿ ಏರಿದ್ದೇ ತಡ, ಟಿಕೆಟ್ ಹರಿಯುತ್ತಿದ್ದವನೂ ಕೈ ನಿಲ್ಲಿಸಿ ನೋಡಿದ. ಎದುರಿಗೆ ಹೆಗಲಲ್ಲಿ ಚೀಲ, ಮುಖದ ತುಂಬ ಬೆವರು... ಸಾವೇರಿಯೋ!

ಬುಧವಾರ ಸಂಜೆ. ಒಂದು ದಿನ ತಡವಾಗಿ.

ಐದು ವರ್ಷದ ಪ್ರೀತಿ ಇವರದು. ಜೊತೆಯಾಗಿ ಸಮುದ್ರ ನೋಡಲು ಹೊರಟದ್ದು ಇದೇ ಮೊದಲು. ಮಂಗಳವಾರ ಬೆಳಗ್ಗೆ ತಮ್ಮೂರು ತೊರಿನೋದ ರೈಲು ನಿಲ್ದಾಣದಲ್ಲಿ ಅವಳು ಕಾದೂ ಕಾದೂ ಸೋತಾಗ ಬಂದದ್ದು ಒಂದೇ ಸಾಲಿನ ಸಂದೇಶ. 'ನೀನು ಹೋಗಿರು, ನಾಳೆ ಬರ್ತೀನಿ.' ಕಾರಣ ಇಲ್ಲ, ಏನೂ ಇಲ್ಲ! ಪಕ್ಕದ ಖಾಲಿ ಸೀಟಿನ ಮೇಲೆ ತನ್ನ ಟೋಪಿ ಇಟ್ಟುಕೊಂಡು ಅಷ್ಟು ದೂರ ಒಬ್ಬಳೇ ಬಂದಿದ್ದಳು ಪಾಪ.

"ಬರ್ತೀನಿ ಅಂದಿದ್ನಲ್ಲಾ..."

"ನಿನ್ನೆ ಯಾಕೆ ಬರ್ಲಿಲ್ಲ? ಅದನ್ನ ಹೇಳು."

"ಅದು... ಕೆಲಸ ಇತ್ತು."

ಸುಳ್ಳು! ಟ್ರಾಮ್ ರಿಪೇರಿ ಮಾಡುವ ಈ ಪುಣ್ಯಾತ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಿವಿ ಕೆಂಪಾಗಿಬಿಡುತ್ತದೆ.

ಜನವರಿಯಲ್ಲಿ "ಮದುವೆ ಆಗೋಣ್ವಾ?" ಎಂದು ಅವಳೇ ನಾಚಿಕೆ ಬಿಟ್ಟು ಕೇಳಿದಾಗಲೂ ಇದೇ ಕೆಂಪು ಕಿವಿ. "ಈ ವರ್ಷ ಬೇಡ" ಎಂದಿದ್ದ. ಯಾಕೆ ಎಂದರೆ ಬಾಯಿಗೆ ಬೀಗ.

'ನಾನು ಇವನಿಗೆ ಬೇಡ. ಹೇಳೋ ಧೈರ್ಯ ಇಲ್ಲ, ಅಷ್ಟೇ...'

ಗುರುವಾರ ಇಬ್ಬರೂ ದೋಣಿಯಲ್ಲಿ ಪೊಸಿತಾನೋಗೆ ಹೋದರು. ಬೆಟ್ಟಕ್ಕೆ ಅಂಟಿಕೊಂಡ ಬಣ್ಣದ ಮನೆಗಳು, ಕೆಳಗೆ ನೀಲಿ ನೀರು. ಅವನು ನಿಂಬೆ ಐಸ್ ತಂದುಕೊಟ್ಟ. ಅವಳು ಸಮುದ್ರ ನೋಡುತ್ತಾ ಕೂತಳು. ಅದು ಕೈಯಲ್ಲೇ ಕರಗಿ ನೀರಾಯಿತು. ವಾಪಸ್ ಬರುವಾಗ ತಿರುವಿನಲ್ಲಿ ಬಸ್ಸು ವಾಲಿ ಅವಳು ಅವನ ಎದೆಗೆ ಒರಗಿದಳು. ಒಂದು ಕ್ಷಣ ಹಾಗೇ ಇರಬೇಕೆನಿಸಿತು. ಆದರೂ ಸರಿದು ಕೂತಳು.

ತಾವು ಇಳಿದುಕೊಂಡಿದ್ದ ಪ್ರಯಾನೋದ ವಸತಿಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತವಳೇ ಹೇಳಿಬಿಟ್ಟಳು.

"ನಾಳೆ ಬೆಳಗ್ಗೆ ನಾನು ಊರಿಗೆ ಹೊರಡ್ತೀನಿ. ಸಾಕಾಯ್ತು ಸಾವೇರಿಯೋ. ಬೇಡ ಅಂದ್ರೆ ಬೇಡ ಅಂತ ಹೇಳೋಕೂ ಬಾಯಿಲ್ಲ ನಿಂಗೆ!"

ಮನೆಯೊಡತಿ ದೋನ್ನಾ ಇಮ್ಮಾ ನಿಂಬೆ ಎಲೆ ಗುಡಿಸುತ್ತಿದ್ದಳು. ಕಿವಿಯೆಲ್ಲ ಜಗಳದ ಕಡೆ, ಪೊರಕೆ ಅದರ ಪಾಡಿಗೆ ಅದು. ಸರಸರನೆ ಓರ್ನೆಲ್ಲಾಳ ಪಾದದ ಹತ್ತಿರಕ್ಕೇ ಬಂತು...

"ಅಯ್ಯೋ, ನಿಲ್ಸಿ!"

ಕುರ್ಚಿ ಉರುಳಿತು. ಸಾವೇರಿಯೋ ನೆಲಕ್ಕೆ ಬಿದ್ದು ಅವಳ ಎರಡೂ ಪಾದಗಳನ್ನು ಎತ್ತಿ ಹಿಡಿದಿದ್ದ!

"ಪೊರಕೆ ಅಮ್ಮಾ, ಪೊರಕೆ! ಮದುವೆ ಆಗ್ದಿರೋ ಹುಡುಗಿ ಕಾಲಿನ ಮೇಲೆ ಪೊರಕೆ ಆಡಿಸಿದ್ರೆ ಅವಳಿಗೆ ಮದುವೇನೇ ಆಗಲ್ಲ!"

ದೋನ್ನಾ ಇಮ್ಮಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ತಾಗಿಲ್ಲ ಕಣಪ್ಪಾ, ತಾಗಿಲ್ಲ! ಅಲ್ಲಾ, ಅವಳಿಗೆ ಮದುವೆ ಆಗ್ದಿದ್ರೆ ನಿಂಗೇನು ಕಷ್ಟ?"

"ಕಷ್ಟ ಅಲ್ದೆ? ಮತ್ತೆ ನಾನು ಯಾರನ್ನ ಮದುವೆ ಆಗ್ಲಿ?"

ಓರ್ನೆಲ್ಲಾ ಬಗ್ಗಿ ಅವನ ಮುಖ ನೋಡಿದಳು.

"ಹಾಗಾದ್ರೆ... ಈ ವರ್ಷ ಬೇಡ ಅಂದಿದ್ದು?"

"ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಬಂದ ವರ್ಷ ಇದು, ಮದುವೆಗೆ ಅಪಶಕುನ. ಅಪ್ಪ ಅಮ್ಮ ಇಂಥ ವರ್ಷದಲ್ಲೇ ಮದುವೆ ಆಗಿದ್ದು. ನಂಗೆ ಮೂರು ತುಂಬೋ ಮೊದಲೇ ಅಪ್ಪ ಹೋದ್ರು. ನಿನ್ನ ಕಳ್ಕೊಳ್ಳೋಕೆ ನಂಗೆ ಆಗಲ್ಲ ಓರ್ನೆಲ್ಲಾ..."

"ಮತ್ತೆ ಮೊನ್ನೆ?"

"ಮೊನ್ನೆ ಮಂಗಳವಾರ ಅಲ್ವಾ!" ದೋನ್ನಾ ಇಮ್ಮಾಳೇ ಉತ್ತರ ಕೊಟ್ಟಳು. "ಮಂಗಳವಾರ, ಶುಕ್ರವಾರ ಮದುವೇನೂ ಕೂಡದು, ಪ್ರಯಾಣಾನೂ ಕೂಡದು. ಟೀಚರ್ ಅಂತೀಯ, ಮಕ್ಕಳಿಗೆ ಏನು ಪಾಠ ಹೇಳ್ತೀಯೇ ತಾಯೀ ನೀನು?"

ಆ ಗಾದೆ ಅವಳಿಗೂ ಗೊತ್ತಿತ್ತು. ಅದನ್ನು ನಂಬಿ ರೈಲನ್ನೇ ತಪ್ಪಿಸಿಕೊಳ್ಳುವ ಗಂಡಸೂ ಇರುತ್ತಾನೆಂದು ಗೊತ್ತಿರಲಿಲ್ಲ!

"ಇಷ್ಟು ಹೇಳೋಕೆ ಏನಾಗಿತ್ತೋ ನಿಂಗೆ?"

"ನೀನು ಲೆಕ್ಕದ ಟೀಚರ್. ಆವತ್ತು ಉಪ್ಪು ಚೆಲ್ಲಿದಾಗ ಕೆಡುಕಾಗ್ದಿರ್ಲಿ ಅಂತ ನಾನು ಚಿಟಿಕೆ ತಗೊಂಡು ಹೆಗಲ ಹಿಂದೆ ಎಸೆದ್ನಲ್ಲ... ನಿನ್ನ ಸ್ನೇಹಿತರ ಮುಂದೆ ಎಷ್ಟು ನಕ್ಕೆ! ಒಂದು ವಾರ ಆಡ್ಕೊಂಡೆ."

ಹೌದು, ನಕ್ಕಿದ್ದಳು. ಆ ನಗು ಇವನ ಬಾಯಿಗೆ ಬೀಗ ಹಾಕಿತ್ತೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ಇನ್ಮೇಲೆ ನಗಲ್ಲ ಕಣೋ," ಎಂದಳು. ಮೂಗೊರೆಸಿಕೊಂಡು ಮೊಬೈಲ್ ತೆಗೆದಳು. "ಜನವರಿ ಎರಡು. ಹೊಸ ವರ್ಷ, ಗುರುವಾರ. ಆಗ್ಬಹುದಾ?"

ಅವನು ಬೆರಳು ಮಡಿಸಿ ಎಣಿಸಿದ. "ಆಗ್ಬಹುದು!"

"ಸರಿ, ಕಾಲು ಬಿಡು ಈಗ."

"ಬಿಡಲ್ಲ. ಪೊರಕೆ ಇನ್ನೂ ಅಲ್ಲೇ ಇದೆ."

ದೋನ್ನಾ ಇಮ್ಮಾ ನಗುತ್ತಾ ಪೊರಕೆ ಎತ್ತಿಕೊಂಡು ಒಳಗೆ ಹೋದಳು.

"ಮತ್ತೆ... ನಾಳೆ ಬೆಳಗ್ಗೆ ಹೊರಡ್ತೀನಿ ಅಂದ್ಯಲ್ಲಾ?" ಅವನು ಮೆಲ್ಲಗೆ ಕೇಳಿದ.

ಓರ್ನೆಲ್ಲಾ ಅವನ ಕೆಂಪು ಕಿವಿ ಹಿಂಡಿದಳು.

"ಹೇಗೋ ಹೊರಡ್ಲಿ? ನಾಳೆ ಶುಕ್ರವಾರ!"